ಮೊಂಡು ಮರಕ್ಕೆ ನಾನು ಬಿಡಿಸಿದ ಗರಿ

ಆಗ ನನಗೆ ಮೂವತ್ತೆಂಟು. ಈಗ ಎಪ್ಪತ್ತೊಂಬತ್ತು. ಅಂದರೆ ಇದು ನಲವತ್ತೊಂದು ವರ್ಷದ ಹಿಂದಿನ ಮಾತು. ತಿಪಟೂರಿನ ಒಂದು ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು, ಇನ್ನೊಬ್ಬಳು ತೆಗೆದ ಒಳ್ಳೆಯ ಚಿತ್ರವೊಂದನ್ನು ನಾನು ಕೆಡಿಸಿದೆ. ಬೇಕಂತ ಕೆಡಿಸಿದೆನೋ, ಗೊತ್ತಿಲ್ಲದೆ ಕೆಡಿಸಿದೆನೋ ಎಂದು ಆಗ ಎಲ್ಲರೂ ಕೇಳಿದರು. ಓದಿ ನೀವೇ ಹೇಳಿ.

ನಮ್ಮಣ್ಣನ ಮೊಮ್ಮಗಳು ಈಗ ಫೋಟೋ ಕಲಿಯಲು ಸೇರಿದ್ದಾಳೆ. ಊರೂರು ಸುತ್ತಿ ಜಾಗಗಳ ಚಿತ್ರ ತೆಗೆಯುವುದೇ ಅವಳಿಗೆ ಆಸೆ. ಅವಳ ಜೊತೆಯವರಿಗೂ ಆಗಲಿ, ಕೆಲಸ ಹೇಗಿತ್ತು ಬರೆದುಕೊಡು ಅಂದಳು. ನಾನು ಓದಿದ್ದು ಮೂರನೇ ಕ್ಲಾಸು. ಒತ್ತು, ದೀರ್ಘ ಅವಳು ತಿದ್ದಿದ್ದಾಳೆ. ಮಾತಿಗೆ ಕೈ ಹಾಕಬೇಡ ಎಂದಿದ್ದೇನೆ.

ಸ್ಟುಡಿಯೋಗೆ ಬರುವ ಮುಂಚೆ ನಾನು ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದೆ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕಿ ಒಂದು ವರ್ಷ ಬಿಡುತ್ತಾರೆ. ಒಳಗೇ ನೀರು ಬತ್ತಿ, ಕಾಯಿ ಒಣಗಿ, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆಮೇಲೆ ಕರಟ ಒಡೆದು ಉಂಡೆ ಕೊಬ್ಬರಿಯನ್ನು ಇಡಿಯಾಗಿ ತೆಗೆಯಬೇಕು. ಒಂದು ಗೀರು ಬಿದ್ದರೂ ಆ ಉಂಡೆಗೆ ಬೆಲೆ ಇಲ್ಲ. ನನ್ನ ಕೈಯಲ್ಲಿ ಗೀರು ಬೀಳುತ್ತಿರಲಿಲ್ಲ. ಸ್ಟುಡಿಯೋ ಯಜಮಾನರು ಮರುಳಪ್ಪನವರು ಒಂದು ಸಲ ಮಂಡಿಯವರ ಗ್ರೂಪ್ ಫೋಟೋ ತೆಗೆಯಲು ಬಂದವರು ನನ್ನ ಕೈಯನ್ನೇ ನೋಡುತ್ತಾ ನಿಂತರು. ಬೇರೆ ಯೋಚನೆಯ ಮನುಷ್ಯನೇನೋ ಎಂದು ನಾನು ಕತ್ತಿ ಗಟ್ಟಿಯಾಗಿ ಹಿಡಿದುಕೊಂಡೆ.

"ಏನಮ್ಮ, ನಿಂಗೆ ಪೆನ್ಸಿಲ್ ಹಿಡಿಯೋಕ್ ಬತ್ತದಾ?" ಅಂದರು.

"ಹೆಸ್ರು ಬರೀತೀನಿ. ಅಷ್ಟೇ."

"ಹೆಸ್ರು ಬ್ಯಾಡ. ಮೊಡವೆ ಅಳಿಸಬೇಕು."

ಹಾಗೆ ಸ್ಟುಡಿಯೋಗೆ ಬಂದೆ. ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ, ತಡೆಯುವವರೂ ಇರಲಿಲ್ಲ. ಅದನ್ನು ಎಳೆದು ಬರೆಯುವ ಅವಶ್ಯಕತೆ ಇಲ್ಲ.

ಕೆಲಸವೇನೆಂದರೆ, ಕತ್ತಲೆಕೋಣೆಯಲ್ಲಿ ಫಿಲ್ಮು ತೊಳೆಯುವುದು, ಕಾಗದಕ್ಕೆ ಇಳಿಸುವುದು, ಇಳಿಸುವ ಮುಂಚೆ ನೆಗೆಟಿವ್ ತಿದ್ದುವುದು. ಈಗಿನವರಿಗೆ ನೆಗೆಟಿವ್ ಅಂದರೆ ಗೊತ್ತಿರಲಿಕ್ಕಿಲ್ಲ. ಅದರಲ್ಲಿ ಬೆಳಕೆಲ್ಲ ಕಪ್ಪು, ನೆರಳೆಲ್ಲ ಬಿಳುಪು. ಮದುಮಗಳ ಹಲ್ಲು ಕರ್ರಗೆ, ಕೂದಲು ಬೆಳ್ಳಗೆ. ಯಾವುದನ್ನಾದರೂ ಅಳಿಸಬೇಕಾದರೆ ಅದರ ಮೇಲೆ ಪೆನ್ಸಿಲಿನಲ್ಲೋ ಕೆಂಪು ಬಣ್ಣದಲ್ಲೋ ಬಳಿಯಬೇಕು. ಇಲ್ಲದ್ದನ್ನು ಸೇರಿಸಬೇಕಾದರೆ ಸಣ್ಣ ಚಾಕುವಿನ ಮೊನೆಯಲ್ಲಿ ಕೆರೆಯಬೇಕು. ಬಳಿದದ್ದನ್ನು ತೊಳೆಯಬಹುದು. ಕೆರೆದದ್ದು ಕೆರೆದದ್ದೇ, ಮತ್ತೆ ಹುಟ್ಟುವುದಿಲ್ಲ. ಇದನ್ನು ಮರುಳಪ್ಪನವರು ಮೊದಲ ದಿನವೇ ಹೇಳಿದ್ದರು.

ನಮ್ಮ ಸೀಮೆಯಲ್ಲಿ ಆಗ ಒಂದು ಪದ್ಧತಿ ಇತ್ತು. ಹೆಣ್ಣು ಕೇಳಲು ಹೋಗುವವರು ಹುಡುಗನ ಫೋಟೋದ ಜೊತೆ ತೋಟದ ಫೋಟೋ ಕೊಂಡೊಯ್ಯುತ್ತಿದ್ದರು. ತುರುವೇಕೆರೆ ಕಡೆಯವರಿಗಂತೂ ಹುಡುಗನ ಮುಖಕ್ಕಿಂತ ತೋಟದ ಮುಖ ಮುಖ್ಯ. ಆ ಫೋಟೋದಲ್ಲಿ ಮೊಂಡು ಮರ ಇರಕೂಡದು. ಸಿಡಿಲು ಹೊಡೆದೋ ಹುಳ ತಿಂದೋ ಸುಳಿ ಬಿದ್ದುಹೋಗಿ ಬರೀ ಕಂಬದ ಹಾಗೆ ನಿಂತ ತೆಂಗಿನಮರಕ್ಕೆ ಮೊಂಡು ಮರ ಎನ್ನುತ್ತೇವೆ. ಅದು ಕಂಡರೆ ಹೆಣ್ಣಿನ ಕಡೆಯವರು ಮುಖ ಮುರಿಯುತ್ತಿದ್ದರು. ಮನೆಯಲ್ಲಿ ಏನೋ ಕೊರೆ ಇದೆ, ತಲೆಯಿಲ್ಲದ ಮನೆ, ಎಂದು ಏನೇನೋ ಆಡುತ್ತಿದ್ದರು. ಹಾಗಾಗಿ ತೋಟದ ನೆಗೆಟಿವ್ ಬಂದರೆ ಯಾರನ್ನೂ ಕೇಳದೆ ನಾನು ಮಾಡುತ್ತಿದ್ದ ಮೊದಲ ಕೆಲಸ, ಮೊಂಡು ಮರಕ್ಕೆ ಗರಿ ಕೆರೆಯುವುದು. ಗರಿಯ ನಡುದಿಂಡು ಮೊದಲು, ಆಮೇಲೆ ಎರಡೂ ಕಡೆ ಎಳೆ, ಗಾಳಿ ಯಾವ ಕಡೆ ಬೀಸಿದೆಯೋ ಪಕ್ಕದ ಮರ ನೋಡಿ ಆ ಕಡೆಗೆ ಬಾಗಿಸಿ. ಎಷ್ಟು ಮದುವೆ ನನ್ನ ಗರಿಯಿಂದ ನಡೆದಿವೆಯೋ ಗೊತ್ತಿಲ್ಲ. ಮದುವೆಯಾಗಿ ಬಂದವಳು ತೋಟದಲ್ಲಿ ಮೊಂಡು ಮರ ನೋಡಿ ಏನೆಂದುಕೊಂಡಳು ಎನ್ನುವುದೂ ಗೊತ್ತಿಲ್ಲ.

ಈ ಕೆಲಸದಲ್ಲಿ ನನ್ನ ಹೊಟ್ಟೆ ಉರಿಸಿದ್ದು ಒಂದೇ. ಚಿತ್ರ ತೆಗೆಯುವುದಕ್ಕೆ ಹೊರಗೆ ಹೋಗುವವರು ಬೇರೆಯವರು. ಸಂಪಿಗೆ ಊರಿನ ದೇವಸ್ಥಾನ, ಚಿಕ್ಕನಾಯಕನಹಳ್ಳಿಯ ಗುಡ್ಡ, ಹುಳಿಯಾರಿನ ಸಂತೆ, ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆ ಚಿಮಣಿ, ಎಲ್ಲ ನಾನು ನೋಡಿದ್ದೆ. ಎಲ್ಲವನ್ನೂ ತಟ್ಟೆಯ ನೀರಿನಲ್ಲಿ, ಕಪ್ಪು ಆಕಾಶದ ಕೆಳಗೆ. ಒಂದಕ್ಕೂ ಕಾಲಿಟ್ಟಿರಲಿಲ್ಲ.

ಒಂದೇ ಒಂದು ಸಲ ಕ್ಯಾಮೆರಾ ಕೈಗೆ ಬಂದಿತ್ತು. ನಾನು ಸೇರಿ ಮೂರು ವರ್ಷವಾಗಿತ್ತು. ಮರುಳಪ್ಪನವರಿಗೆ ಜ್ವರ. ಸಂಪಿಗೆಯಲ್ಲಿ ಯಾರದೋ ಮನೆಯವರು ದೇವರ ಕಾರ್ಯ ಇಟ್ಟುಕೊಂಡಿದ್ದರು. ದೇವಸ್ಥಾನದ ಮುಂದೆ ಎಲ್ಲರನ್ನೂ ನಿಲ್ಲಿಸಿ ತೆಗೆದುಕೊಂಡು ಬಾ ಎಂದು ನನ್ನನ್ನು ಕಳಿಸಿದರು. ನಮ್ಮದು ಮೇಲಿನಿಂದ ಬಗ್ಗಿ ನೋಡುವ ಕ್ಯಾಮೆರಾ. ಎರಡು ಕಣ್ಣು, ಮೇಲಿನದು ನೋಡುವುದಕ್ಕೆ, ಕೆಳಗಿನದು ತೆಗೆಯುವುದಕ್ಕೆ. ನಾನು ಮೇಲಿನ ಕಣ್ಣಿನ ಮುಚ್ಚಳ ತೆಗೆದೆ. ಎಲ್ಲ ಸೊಗಸಾಗಿ ಕಂಡಿತು. ಹನ್ನೆರಡು ಸಲ ಒತ್ತಿದೆ. ಕೆಳಗಿನ ಕಣ್ಣಿನ ಮುಚ್ಚಳ ಹಾಗೇ ಇತ್ತು. ತೊಳೆದಾಗ ಫಿಲ್ಮು ಗಾಜಿನ ಹಾಗೆ ಖಾಲಿ.

ಮರುಳಪ್ಪನವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. "ನಮ್ ಸಣ್ಣಮ್ಮ ದೇವ್ರಿಗೂ ಕಣ್ ಕಟ್ಟಿದೋಳು ಕಣ್ರೀ" ಎನ್ನುತ್ತಿದ್ದರು. ಕ್ಯಾಮೆರಾ ಪೆಟ್ಟಿಗೆಗೆ ಬೀಗ ಬಿತ್ತು.

ಆಮೇಲೆ ಆರು ವರ್ಷಕ್ಕೆ ವಿಮಲ ಬಂದಳು.

ಇಪ್ಪತ್ತನಾಲ್ಕು ವರ್ಷದ ಹುಡುಗಿ, ಚಿಕ್ಕನಾಯಕನಹಳ್ಳಿಯವಳು, ತುಮಕೂರಿನಲ್ಲಿ ಡಿಗ್ರಿ ಮುಗಿಸಿದ್ದಳು. ಅವರ ಮಾವ ಯಾರೋ ಕ್ಯಾಮೆರಾ ಕಲಿಸಿದ್ದರಂತೆ. ತಾನು ತೆಗೆದ ಹತ್ತು ಚಿತ್ರ ಒಂದು ಲಕೋಟೆಯಲ್ಲಿ ತಂದು ಮರುಳಪ್ಪನವರ ಮೇಜಿನ ಮೇಲೆ ಹರಡಿದಳು. ಒಂದರಲ್ಲೂ ಮನುಷ್ಯರಿಲ್ಲ. ಬಾವಿಯ ರಾಟೆ, ಖಾಲಿ ಸಂತೆಮಾಳ, ಮಳೆ ನಿಂತ ಮೇಲೆ ಬಸ್ ಸ್ಟ್ಯಾಂಡು. ಇವನ್ನು ದುಡ್ಡು ಕೊಟ್ಟು ಯಾರು ತೆಗೆಸುತ್ತಾರೆ ಎಂದು ನಾನು ಒಳಗೆ ನಕ್ಕೆ. ಮರುಳಪ್ಪನವರು ಬೀಗದ ಕೈ ತೆಗೆದು ಅವಳಿಗೆ ಕೊಟ್ಟರು. ಅದೇ ದಿನ, ನನ್ನ ಕಣ್ಣ ಮುಂದೆ.

ಅವತ್ತಿನಿಂದ ಅವಳು ಹೋಗುವವಳು, ನಾನು ತೊಳೆಯುವವಳು. ಅವಳು ವಾಪಸು ಬಂದಾಗ ಎಲ್ಲಿಗೆ ಹೋಗಿದ್ದಳೆಂದು ನಾನು ಕೇಳುತ್ತಿರಲಿಲ್ಲ; ಚಪ್ಪಲಿ ನೋಡುತ್ತಿದ್ದೆ. ಕೆಮ್ಮಣ್ಣಿದ್ದರೆ ಹುಳಿಯಾರು ಕಡೆ. ಎರೆಮಣ್ಣು ಅಂಟಿದ್ದರೆ ಕೆರೆಯ ಹಿಂದಿನ ಗದ್ದೆ. ಸೀರೆಯ ಅಂಚಿನಲ್ಲಿ ಬೂದಿ ಬಣ್ಣದ ಪುಡಿ ಇದ್ದರೆ ಅಮ್ಮಸಂದ್ರ. ಎತ್ತರದ ಹಿಮ್ಮಡಿಯ ಚಪ್ಪಲಿ ಅವಳದು, ಟಕ ಟಕ ಸದ್ದು. ಆ ಸದ್ದು ಮೆಟ್ಟಿಲ ಮೇಲೆ ಕೇಳಿದರೆ ನನಗೆ ಬಾಯಿ ಕಹಿಯಾಗುತ್ತಿತ್ತು. ಅವಳ ಮೂಗಿನ ಮೇಲೆ ಬಿಸಿಲಿಗೆ ಸಿಪ್ಪೆ ಎದ್ದಿತ್ತು. ಅದರ ಮೇಲೂ ನನಗೆ ಹೊಟ್ಟೆಕಿಚ್ಚು. ಕತ್ತಲೆಕೋಣೆಯಲ್ಲಿ ಒಂಬತ್ತು ವರ್ಷ ಇದ್ದ ನನ್ನ ಮುಖ ಬಿಳಿಚಿಕೊಂಡು ಸುಣ್ಣದ ಹಾಗಾಗಿತ್ತು.

ಅವಳು ಕೆಟ್ಟವಳಾಗಿದ್ದರೆ ಸುಲಭವಾಗುತ್ತಿತ್ತು. ಬಸ್ಸಿನಲ್ಲಿ ಬರುವಾಗ ನನಗೆಂದು ಸೀಬೆಹಣ್ಣು ತರುತ್ತಿದ್ದಳು. ನಾನು ತಿನ್ನದೆ ಬಾಗಿಲ ಹೊರಗೆ ಇಡುತ್ತಿದ್ದೆ. ಮಾರನೆಯ ದಿನ ಮತ್ತೆ ತರುತ್ತಿದ್ದಳು. ಕೊನೆಗೆ ತಿಂದೆ, ಹಣ್ಣು ಏನು ಮಾಡಿತ್ತು.

ಒಂದು ಸಲ ಕೇಳಿಯೇ ಬಿಟ್ಟೆ. "ಅಲ್ಲ ಕಣೇ, ಒಂದ್ ಜಾಗುಕ್ಕೆ ಹೋಗಿ ಏನ್ ಮಾಡ್ತೀಯ ಅಷ್ಟೊತ್ತು? ಒತ್ಬುಟ್ಟು ಬರೋದಲ್ವ?"

"ಸುಮ್ನೆ ಕೂತ್ಕೋತೀನಿ, ಸಣ್ಣಕ್ಕ. ಜಾಗ ನನ್ನ ಮರೆಯೋವರ್ಗೂ."

"ಜಾಗ ನಿನ್ನ ಮರೀತದಾ! ನೀನೇನು ತಾಸೀಲ್ದಾರ್ರಾ, ಜ್ಞಾಪಕ ಇಟ್ಕೊಳ್ಳೋಕೆ?"

ಅವಳು ನಕ್ಕಳು. ನಾನೂ ಆ ಮಾತನ್ನು ಗೇಲಿ ಮಾಡುತ್ತಲೇ ಇಟ್ಟುಕೊಂಡೆ. ಕಲಿಯುವವರು ಬೇಕಾದರೆ ತೆಗೆದುಕೊಳ್ಳಿ. ಅವಳದು ಅವಳಿಗೆ ಸರಿ. ಫಿಲ್ಮಿಗೆ ಬರಗಾಲದ ಕಾಲ ಅದು; ಒಂದು ಜಾಗಕ್ಕೆ ಒಂದೇ ಚಿತ್ರ ಎಂದು ಮರುಳಪ್ಪನವರ ಕಟ್ಟಪ್ಪಣೆ. ಕೂತು ಕಾಯದಿದ್ದರೆ ಆ ಒಂದೂ ಕೆಡುತ್ತಿತ್ತು.

ಆ ವರ್ಷ ಕಾರ್ತಿಕ ಕಳೆದ ಮೇಲೆ ಗುರುಸಿದ್ದಪ್ಪನವರು ಎನ್ನುವ, ನಾನಿದ್ದದ್ದಲ್ಲ, ಬೇರೊಂದು ಕೊಬ್ಬರಿ ಮಂಡಿಯ ಯಜಮಾನರು ಸ್ಟುಡಿಯೋಗೆ ಬಂದರು. ಹೊಸ ವರ್ಷಕ್ಕೆ ಗಿರಾಕಿಗಳಿಗೆ ಕೊಡಲು ಕ್ಯಾಲೆಂಡರ್ ಮಾಡಿಸುತ್ತಿದ್ದರು. ಹನ್ನೆರಡು ತಿಂಗಳಿಗೆ ನಮ್ಮ ಸೀಮೆಯ ಹನ್ನೆರಡು ಜಾಗ. ದೇವರ ಪಟ ಎಲ್ಲರೂ ಹಾಕಿಸುತ್ತಾರೆ, ನಾನು ನಮ್ಮ ಊರು ಹಾಕಿಸುತ್ತೇನೆ ಎಂದರು. ಇಂಥ ಕೆಲಸ ನಮ್ಮ ಸ್ಟುಡಿಯೋಗೆ ಬಂದದ್ದು ಅದೇ ಮೊದಲು. ಹನ್ನೆರಡು ಊರು! ನಾನು ಪರದೆ ಸರಿಸಿ ಹೊರಗೆ ಬಂದು, ಗಂಟಲು ಸರಿಮಾಡಿಕೊಂಡು, "ಯಜಮಾನ್ರೇ, ಆರು ಅವ್ಳಿಗೆ ಕೊಡಿ, ಆರು ನನಗೆ ಕೊಡಿ" ಎಂದೆ.

ಮರುಳಪ್ಪನವರು ನನ್ನನ್ನು ನೋಡಲೂ ಇಲ್ಲ. ಗುರುಸಿದ್ದಪ್ಪನವರಿಗೆ ಸಂಪಿಗೆಯ ಕತೆ ಹೇಳಿದರು. ಇಬ್ಬರೂ ನಕ್ಕರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಆ ಬಾಗಿಲು ಹಾಕಿಕೊಂಡದ್ದೇ ಮುಂದಿನ ಅನಾಹುತಕ್ಕೆ ಕಾರಣ. ಹೊರಗೆ ಅವರು ಯಾವ ಯಾವ ಜಾಗ ಎಂದು ಮಾತಾಡಿಕೊಂಡದ್ದು ನನ್ನ ಕಿವಿಗೆ ಬೀಳಲಿಲ್ಲ.

ವಿಮಲ ಹದಿನೈದು ದಿನ ಬಸ್ಸಿನಲ್ಲಿ ತಿರುಗಿದಳು. ಒಂದೊಂದೇ ಚಿತ್ರ ನನ್ನ ತಟ್ಟೆಯಲ್ಲಿ ಏಳುತ್ತಿತ್ತು. ಸುಳ್ಳು ಬರೆಯುವುದಿಲ್ಲ, ಚೆನ್ನಾಗಿದ್ದವು. ಹುಳಿಯಾರಿನ ಸಂತೆಯನ್ನು ಅವಳು ಸಂತೆಯ ದಿನ ತೆಗೆದಿರಲಿಲ್ಲ. ಸಂತೆಯ ಮಾರನೆಯ ಮುಂಜಾನೆ, ಗಾಡಿಯ ಮೂಕಿಗಳು ಮಾತ್ರ ಆಕಾಶಕ್ಕೆ ಎದ್ದಿರುವಾಗ ತೆಗೆದಿದ್ದಳು. ತೊಳೆಯುತ್ತಾ ತೊಳೆಯುತ್ತಾ ನಾನು ತಪ್ಪು ಹುಡುಕುತ್ತಿದ್ದೆ. ಇದು ವಾಲಿದೆ, ಅದು ಮಸುಕು, ಇಲ್ಲಿ ಕಾಗೆ ಬಂದಿದೆ. ಸಿಗುತ್ತಿರಲಿಲ್ಲ.

ಹನ್ನೆರಡನೆಯದರಲ್ಲಿ ಸಿಕ್ಕಿತು.

ಕೆರೆ ಏರಿ, ಅದರ ಕೆಳಗೆ ನಾಲ್ಕು ಮನೆ, ತೆಂಗಿನ ತೋಟ. ಚಿತ್ರದ ನಟ್ಟನಡುವೆ, ಎಲ್ಲಕ್ಕಿಂತ ಎತ್ತರಕ್ಕೆ, ಒಂದು ಮೊಂಡು ಮರ! ಕ್ಯಾಲೆಂಡರಿಗೆ! ವರ್ಷವೆಲ್ಲ ಗೋಡೆಯ ಮೇಲೆ ತೂಗುಹಾಕುವುದಕ್ಕೆ! ನನಗೆ ಎಷ್ಟು ಖುಷಿಯಾಯಿತೆಂದರೆ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಡಿಗ್ರಿ ಓದಿದವಳಿಗೆ ಇಷ್ಟು ಗೊತ್ತಾಗಲಿಲ್ಲ. ನಾನಿಲ್ಲದಿದ್ದರೆ ಇವಳ ಚಿತ್ರ ಮೂರು ಕಾಸಿಗೂ ಬಾರದು.

ಅವಳನ್ನು ಕರೆದು ಕೇಳಬಹುದಿತ್ತು. ಎರಡು ಮಾರು ದೂರದಲ್ಲಿ ಕೂತು ಚಹಾ ಕುಡಿಯುತ್ತಿದ್ದಳು. ಕೇಳಲಿಲ್ಲ. ಕೇಳಿದರೆ ಹೂಂ ಸರಿಮಾಡಿ ಅನ್ನುತ್ತಾಳೆ, ಅರ್ಧ ಹೆಸರು ಅವಳದಾಗುತ್ತದೆ ಎಂದುಕೊಂಡೆ. ಕಿಟಕಿಯ ಬೆಳಕಿಗೆ ನೆಗೆಟಿವ್ ಹಿಡಿದು ಕೂತೆ. ಮರದ ತುದಿಯಲ್ಲಿ ಎರಡು ಬಿಳಿ ಚುಕ್ಕೆ ಇದ್ದವು, ಧೂಳು ಕೂತಾಗ ಹಾಗೆ ಆಗುತ್ತದೆ. ಕೆಂಪು ಬಣ್ಣ ಹಚ್ಚಿ ಮುಚ್ಚಿದೆ. ಆಮೇಲೆ ಚಾಕು ತೆಗೆದುಕೊಂಡೆ. ಇಡೀ ಮಧ್ಯಾಹ್ನ ಅದೇ ಕೆಲಸ. ಒಂಬತ್ತು ವರ್ಷದಲ್ಲಿ ಅಂಥ ಗರಿ ನಾನು ಕೆರೆದಿರಲಿಲ್ಲ. ಒಂದೊಂದು ಎಳೆಯೂ ಬೇರೆ ಬೇರೆ. ಒಣಗಿ ಜೋತುಬಿದ್ದ ಒಂದು ಸೋಗೆಯನ್ನೂ ಸೇರಿಸಿದೆ, ನಿಜ ಅನ್ನಿಸಲಿ ಎಂದು. ಇಳಿಸಿ ನೋಡಿದರೆ ದೇವರಿಗೂ ಗೊತ್ತಾಗದು.

ಮಾರನೆಯ ದಿನ ಬೆಳಿಗ್ಗೆ ಗುರುಸಿದ್ದಪ್ಪನವರು ಬಂದು ಹನ್ನೆರಡನ್ನೂ ಮೇಜಿನ ಮೇಲೆ ಹರಡಿಕೊಂಡರು. ನಾನು ಪರದೆಯ ಹಿಂದೆ ನಿಂತಿದ್ದೆ. ಹನ್ನೊಂದಕ್ಕೂ ತಲೆ ಆಡಿಸಿದರು. ಕೊನೆಯದನ್ನು ಕನ್ನಡಕದ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು.

"ಇದ್ಯಾವೂರು ಮರುಳಪ್ಪ?"

"ನಿಮ್ಮೂರೇ ಅಲ್ವೇ, ಯಜಮಾನ್ರೇ."

"ಏರಿ ನಮ್ದೇ. ಮನೆ ನಮ್ದೇ. ಮರ ಯಾರ್ದಯ್ಯ?"

ಮರುಳಪ್ಪನವರು ವಿಮಲಳ ಕಡೆ ತಿರುಗಿದರು. "ಏನಮ್ಮಾ, ಮೊಂಡು ಮರ ತೆಗಿ ಅಂದ್ರೆ ಯಾವ ಮರ ತೆಗ್ದು ಬಂದಿದ್ದೀಯ?"

"ಅದೇ ಮರ ಸಾರ್. ನಾನೇ ನೋಡಿ ತೆಗ್ದಿದ್ದು."

"ಮೊಂಡು ಮರುಕ್ಕೆ ಗರಿ ಬತ್ತದೇನಮ್ಮ, ವಾರೊಪ್ಪತ್ತಲ್ಲಿ?"

ಆಗ ಗೊತ್ತಾಯಿತು ನನಗೆ. ಗುರುಸಿದ್ದಪ್ಪನವರು ಹೇಳುತ್ತಾ ಹೋದರು. ಅವರ ಅಪ್ಪನ ಕಾಲದಲ್ಲಿ ಸಿಡಿಲು ಹೊಡೆದ ಮರ. ತುದಿಯ ಪೊಟರೆಯಲ್ಲಿ ಗಿಣಿ ಮರಿ ಮಾಡಿದ್ದವು ಎಂದು ಅವರವ್ವ ಕಡಿಯಲು ಬಿಡಲಿಲ್ಲವಂತೆ. ಆಮೇಲೆ ಬಸ್ಸಿನವರು ಆ ಸ್ಟಾಪಿಗೆ ಮೊಂಡುಮರ ಎಂದೇ ಹೆಸರಿಟ್ಟರು. ಅದಕ್ಕೇ ಅವರು ಮೊದಲ ದಿನ ಬಂದಾಗ, ಉಳಿದ ಹನ್ನೊಂದು ಯಾವುದಾದರೂ ಆಗಲಿ, ಹನ್ನೆರಡನೆಯದು ಆ ಮರವೇ ಆಗಬೇಕು ಎಂದು ಹೇಳಿ ಹೋಗಿದ್ದರು. ನಾನು ಬಾಗಿಲು ಹಾಕಿಕೊಂಡು ಒಳಗಿದ್ದೆನಲ್ಲ.

ವಿಮಲ ಬಗ್ಗಿ ಚಿತ್ರವನ್ನೇ ಮತ್ತೆ ಮತ್ತೆ ನೋಡಿದಳು. ಕಿವಿ ಕೆಂಪಾಗಿತ್ತು. ಮರುಳಪ್ಪನವರು, ಬಸ್ಸಿನಿಂದ ಇಳಿಯದೆ ಕಿಟಕಿಯಲ್ಲೇ ಯಾವುದೋ ತೋಟ ತೆಗೆದುಕೊಂಡು ಬಂದಿದ್ದೀಯ, ಸುಳ್ಳು ಬೇರೆ ಹೇಳುತ್ತೀಯ ಎಂದು ರೇಗಾಡಿದರು. ಕ್ಯಾಮೆರಾ ಬೀಗದ ಕೈ ಇಲ್ಲಿಡು ಎಂದರು. ಪರದೆಯ ಹಿಂದೆ ನನಗೆ ಹಾಲು ಕುಡಿದಷ್ಟು ಸಂತೋಷ. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು. ಬೀಗದ ಕೈ ಮೇಜಿನ ಮೇಲೆ ಬಿತ್ತು. ಆ ಸದ್ದು ಕೇಳಿದೆ.

ಆದರೆ ಗುರುಸಿದ್ದಪ್ಪನವರು ಚಿತ್ರ ಕೆಳಗಿಡಲಿಲ್ಲ. ನೋಡುತ್ತಲೇ ಇದ್ದರು.

"ಹೋಗ್ಲಿ ಬುಡು ಮರುಳಪ್ಪ, ಹುಡ್ಗೀನ ಬೈಬೇಡ. ಯಾವೂರಿಂದಾರ ಆಗ್ಲಿ, ಎಂಥಾ ಮರ ನೋಡು! ಗರಿ ಎಣಿಸ್ಬೋದು. ಆ ಒಣಗಿದ ಸೋಗೆ ನೋಡು, ಈಗ ಬೀಳ್ತದೆ ಅನ್ನಂಗೈತೆ. ಎಂಥಾ ಕಣ್ಣು ನಿಂದು, ಮಗಾ!"

ಅದನ್ನು ಕೇಳಿದ ಮೇಲೆ ನನಗೆ ಏನಾಯಿತೋ. ಪರದೆ ಕಿತ್ತುಕೊಂಡು ಬಂದದ್ದು ಮಾತ್ರ ನೆನಪಿದೆ.

"ಅವ್ಳ ಕಣ್ಣಲ್ಲ! ಆ ಗರಿ ನಾನ್ ಕೆರೆದಿದ್ದು! ಸೋಗೇನೂ ನಾನೇ ಕೆರೆದಿದ್ದು! ಒಂದ್ ಮಧ್ಯಾಹ್ನ ಪೂರ್ತಿ ಕೂತಿದ್ದೀನಿ. ಅವ್ಳು ತೆಗೆದಿದ್ದು ಬರೀ ಬೋಳು ಕಂಬ!"

ವಿಮಲ ಒಳಗೆ ಹೋಗಿ ನೆಗೆಟಿವ್ ತಂದು ಬಾಗಿಲ ಬೆಳಕಿಗೆ ಹಿಡಿದಳು. ಉಗುರಿನಲ್ಲಿ ನನ್ನ ಗೀರು ಮುಟ್ಟಿ ನೋಡಿದಳು. ಗುರುಸಿದ್ದಪ್ಪನವರು ಮೆಲ್ಲಗೆ ಕೇಳಿದರು, "ತುದೀಲಿ ಗಿಣಿ ಕೂತಿರ್ಲಿಲ್ವೇನಮ್ಮ?"

"ಎರಡಿದ್ವು. ಅವು ಹೊರಗೆ ಬರೋವರ್ಗೂ ಕಾದಿದ್ದೆ." ನನ್ನ ಕಡೆ ನೋಡಿದಳು. "ಇಲ್ಲಿ ಕೆಂಪು ಬಳ್ದಿದ್ದಾರೆ."

"ಧೂಳು ಅಂದ್ಕೊಂಡೆ," ಎಂದೆ. ಅದು ನಿಜ. ಆದರೆ ಆ ಹೊತ್ತಿನಲ್ಲಿ ನಾನು ಹೇಳಿದ ನಿಜವನ್ನು ಯಾರು ನಂಬುತ್ತಾರೆ?

ಮರುಳಪ್ಪನವರು ಬಾಯಿಗೆ ಬಂದಂತೆ ಬಯ್ದರು. ಆರು ವರ್ಷ ನಕ್ಕಿದ್ದಕ್ಕೆಲ್ಲ ಸೇರಿಸಿ ಬಯ್ದ ಹಾಗಿತ್ತು. ಮಂಡಿಗೇ ಹೋಗಿ ಕರಟ ಒಡಿ ಎಂದರು. ಆಮೇಲೆ ವಿಮಲಳಿಗೆ ಬೀಗದ ಕೈ ಚಾಚಿದರು. "ನಾಳೆ ಮೊದಲ್ನೇ ಬಸ್ಸಿಗೆ ಹೋಗಿ ಇನ್ನೊಂದು ತಗೊಂಬಾರಮ್ಮ. ನಾಡಿದ್ದು ಪ್ರೆಸ್ಸಿಗೆ ಕೊಡ್ಬೇಕು."

ವಿಮಲ ಕೈ ಚಾಚಲಿಲ್ಲ. "ನಾನು ಹೋಗಲ್ಲ ಸಾರ್. ಕೆಡಿಸಿದೋರೇ ಹೋಗ್ಲಿ."

"ಅವ್ಳಾ? ಮುಚ್ಚಳ ತೆಗಿಯೋದು ಗೊತ್ತಿಲ್ಲ ಅವ್ಳಿಗೆ!"

"ಕಲೀತಾರೆ. ಇಲ್ಲಾಂದ್ರೆ ನಿಮ್ ಕ್ಯಾಲೆಂಡರಿಗೆ ಹನ್ನೊಂದೇ ತಿಂಗಳು."

ಗುರುಸಿದ್ದಪ್ಪನವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. "ಯಾರಾರ ಹೋಗ್ರಪ್ಪ. ನಾಳೆ ಸಂಜೆಗೆ ನನ್ ಮರ ನಂಗೆ ಬೇಕು. ಬೋಳುದ್ದೇ ಬೇಕು" ಎಂದು ಹೊರಟರು.

ವಿಮಲ ನನಗೆ ಉಪಕಾರ ಮಾಡಿದಳೋ, ಮತ್ತೆ ಎಡವಿ ಬೀಳಲಿ ಎಂದು ಗುಂಡಿ ತೋಡಿದಳೋ, ಈ ವಯಸ್ಸಿನವರೆಗೂ ನನಗೆ ತಿಳಿದಿಲ್ಲ. ಕ್ಯಾಮೆರಾ ಕೈಗಿಡುವಾಗ ಅವಳ ಮುಖದಲ್ಲಿ ನಗುವೂ ಇರಲಿಲ್ಲ, ಕೋಪವೂ ಇರಲಿಲ್ಲ. ನಾನು ಕೇಳಿದೆ, "ಎಲ್ಲಿ ಕೂತ್ಕೊಂಡು ತೆಗ್ದೆ?"

"ನೀವೇ ಹುಡುಕಿ, ಸಣ್ಣಕ್ಕ. ನನ್ನ ತಪ್ಪೆಲ್ಲಾ ನಿಮ್ಗೆ ಕಾಣುತ್ತಲ್ಲ, ಜಾಗಾನೂ ಕಾಣುತ್ತೆ."

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಕಿಟಕಿಯ ಪಕ್ಕ ಕೂತೆ. ಮೊಂಡುಮರದಲ್ಲಿ ಇಳಿದಾಗ ಬಿಸಿಲು ಇನ್ನೂ ಏರಿಯ ಮೇಲೆ ಬಂದಿರಲಿಲ್ಲ. ಮರ ನಿಂತಿತ್ತು, ಗಿಣಿ ಇನ್ನೂ ಎದ್ದಿರಲಿಲ್ಲ. ನಾನು ಮರದ ಸುತ್ತ ಮೂರು ಸುತ್ತು ಹಾಕಿದೆ. ಮೊದಲು ಅವಳ ಜಾಗ ಹುಡುಕಬೇಕಿತ್ತು. ತೂಬಿನ ಹತ್ತಿರ ಕೆಸರು ಒಣಗಿ ಗಟ್ಟಿಯಾಗಿತ್ತು. ಅದರಲ್ಲಿ ಎತ್ತರದ ಹಿಮ್ಮಡಿಯ ಎರಡು ಗುಳಿ. ಒಂದಡಿ ಹಿಂದೆ ಅವಳು ಕೂತ ಕಲ್ಲು.

ಆ ಕಲ್ಲಿನ ಮೇಲೆ ಕೂತು, ಈ ಸಲ ಎರಡೂ ಕಣ್ಣಿನ ಮುಚ್ಚಳ ತೆಗೆದು, ಕ್ಯಾಮೆರಾದೊಳಗೆ ಬಗ್ಗಿ ನೋಡಿದೆ. ಏರಿ, ಮನೆ, ತೋಟ, ಮರ, ಎಲ್ಲ ಅವಳು ಇಟ್ಟ ಕಡೆಯಲ್ಲೇ ಇದ್ದವು. ಒತ್ತಿದರೆ ಮುಗಿಯಿತು. ಬಿಸಿಲು ಬಂತು, ಪೊಟರೆಯಿಂದ ಗಿಣಿ ಒಂದು ಬಂತು, ಇನ್ನೊಂದು ಬಂತು. ಒತ್ತಿದೆ. ಒತ್ತಿದ್ದು ಗುರುಸಿದ್ದಪ್ಪನವರಿಗಾಗಿ. ಕೆಲಸ ಕೆಲಸ. ಅನುಮಾನಕ್ಕೆ ಇನ್ನೊಂದು ಒತ್ತಿದೆ. ಆದರೆ ಆ ಕಲ್ಲು ಬೆಂಕಿಯ ಹಾಗೆ ಸುಡುತ್ತಿತ್ತು. ಇಷ್ಟು ವರ್ಷಕ್ಕೆ ಕ್ಯಾಮೆರಾ ಸಿಕ್ಕಿ ನಾನು ತೆಗೆದ ಮೊದಲ ಚಿತ್ರವೂ ಅವಳದೇ ಆಯಿತಲ್ಲ ಎಂದು ಎದ್ದುಬಿಟ್ಟೆ.

ಒಂದು ಜಾಗಕ್ಕೆ ಒಂದೇ ಎಂಬ ಅಪ್ಪಣೆ ಅವತ್ತು ನನ್ನ ಲೆಕ್ಕದಲ್ಲಿರಲಿಲ್ಲ. ಏರಿ ಹತ್ತಿ ನೋಡಿದೆ, ಇಳಿದು ನೋಡಿದೆ. ಎಲ್ಲಿ ನಿಂತರೂ ಅವಳ ಮರವೇ. ಗುರುಸಿದ್ದಪ್ಪನವರ ಮನೆಯ ಹಿಂದಿನ ಅಂಗಳಕ್ಕೆ ಬಂದೆ. ಅಲ್ಲಿ ಕಾಯಿ ರಾಶಿ ಹಾಕಿದ್ದರು. ಅಟ್ಟಕ್ಕೆ ಏರಿಸುವ ಮುಂಚಿನ ರಾಶಿ. ನೆಲ ನೋಡಿ ನಿಂತುಬಿಟ್ಟೆ. ತೋಟದ ಮರಗಳ ನೆರಳೆಲ್ಲ ಉದ್ದಕ್ಕೆ ಅಂಗಳದಲ್ಲಿ ಬಿದ್ದಿದ್ದವು, ಎಲ್ಲವಕ್ಕೂ ತಲೆ ಇತ್ತು. ನಡುವೆ ಒಂದಕ್ಕೆ ತಲೆ ಇಲ್ಲ. ಬರೀ ಗೆರೆ. ಅಂಗಳ ದಾಟಿ, ಕಾಯಿರಾಶಿಯ ಮೇಲೆ ಹತ್ತಿ ಬಾಗಿ, ಗೋಡೆಯ ಮೇಲೆ ನೆಟ್ಟಗೆ ಎದ್ದಿತ್ತು. ಅದರ ತುದಿಯಲ್ಲಿ ಎರಡು ಚುಕ್ಕೆ ಅಲ್ಲಾಡುತ್ತಿದ್ದವು.

ನೆಗೆಟಿವಿನಲ್ಲಿ ಇದು ಹೇಗೆ ಬರುತ್ತದೆಂದು ನನಗೆ ಆಗಲೇ ಕಂಡಿತು. ನೆಲವೆಲ್ಲ ಕಪ್ಪು. ನೆರಳು ಬೆಳ್ಳಗೆ, ಸುಣ್ಣದಲ್ಲಿ ಎಳೆದ ಹಾಗೆ. ಒಂಬತ್ತು ವರ್ಷ ನಾನು ನೋಡಿದ್ದು ಇಂಥದ್ದನ್ನೇ. ವಿಮಲ ಇದನ್ನು ದಾಟಿಕೊಂಡು ಹೋಗಿದ್ದಾಳೆ, ಅವಳಿಗೆ ಕಂಡಿಲ್ಲ.

ಮನೆಯಾಕೆ ಒಬ್ಬಳು ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತಿದ್ದಳು. "ಏನವ್ವ, ಮರ ಅಲ್ಲೈತೆ, ನೀನು ನೆಲುದ್ ಫೋಟ ತೆಗೀತಿದ್ದೀಯಲ್ಲ?"

"ಸುಮ್ಕಿರವ್ವ, ಅಲ್ಲಾಡ್ಬ್ಯಾಡ. ನಿನ್ ನೆರಳು ಬೀಳ್ತದೆ."

"ಹೋದ್ ಸಲ ಒಬ್ಬಳು ಬಂದು ತೂಬಿನ್ತಾವ ಕಲ್ಲಿನಂಗೆ ಕೂತಿದ್ಲು. ಈ ಸಲ ನೀನು. ನಿಮ್ ಸ್ಟುಡಿಯೋದಲ್ಲಿ ಎಲ್ರೂ ಹಿಂಗೇನಾ?"

"ಅವ್ಳು ಬ್ಯಾರೆ, ನಾನು ಬ್ಯಾರೆ," ಎಂದೆ.

ಗಿಣಿಗಳ ಎರಡು ಚುಕ್ಕೆ ಗೋಡೆಯ ಮೇಲೆ ನಿಲ್ಲುವವರೆಗೆ ಉಸಿರು ಹಿಡಿದಿದ್ದು ಒತ್ತಿದೆ. ಉಳಿದ ಫಿಲ್ಮನ್ನೆಲ್ಲ ಅಲ್ಲೇ, ಅದೇ ನೆರಳಿಗೇ ಮುಗಿಸಿದೆ. ಮರುಳಪ್ಪನವರು ಮತ್ತೆ ಬಯ್ಯುತ್ತಾರೆಂದು ಗೊತ್ತಿತ್ತು.

ಫಿಲ್ಮಿನ ಹನ್ನೆರಡನೆಯದೂ ಮುಗಿದ ಮೇಲೆ ನನಗೆ ಮೊದಲು ಬಂದ ಯೋಚನೆ ಕ್ಯಾಲೆಂಡರಿನದಲ್ಲ, ಗುರುಸಿದ್ದಪ್ಪನವರದೂ ಅಲ್ಲ. ವಿಮಲ ಇದನ್ನು ನೋಡಿ ಉರಿದುಹೋಗುತ್ತಾಳೆ, ನಾಳೆಯೇ ಬಸ್ಸು ಹತ್ತಿ ಇಲ್ಲಿಗೆ ಬರುತ್ತಾಳೆ, ಎಲ್ಲಿ ನಿಂತು ತೆಗೆದೆ ಎಂದು ಹುಡುಕುತ್ತಾಳೆ. ಕೆಳಗೆ ನೋಡಿದೆ. ಅಂಗಳದ ಧೂಳಿನಲ್ಲಿ ನನ್ನ ಎರಡು ಪಾದವೂ ಬೆರಳು ಸಮೇತ ಎದ್ದು ಕಾಣುತ್ತಿದ್ದವು. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು, ಆ ಹೆಂಗಸಿನ ಕೈಯಿಂದ ಕಸಬರಿಗೆ ಇಸಿದುಕೊಂಡು, ನಾನು ನಿಂತ ಜಾಗವನ್ನು ನಾನೇ ಗುಡಿಸಿ ಬಸ್ಸಿಗೆ ಹೊರಟೆ.